ಕೆಂಪು ನೂಲಿನ ಉಂಗುರ

ಇದನ್ನು ಬರೆಯುವುದನ್ನು ನಾಲ್ಕು ವರ್ಷದಿಂದ ಮುಂದೂಡುತ್ತಾ ಬಂದಿದ್ದೇನೆ. ಈಗ ಎಪ್ಪತ್ತೆಂಟಾಯಿತು. ಇನ್ನೂ ಮುಂದೂಡಿದರೆ ಹೇಳಲು ನಾನೇ ಇರುವುದಿಲ್ಲ.

ಅವರು ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುತ್ತಿದ್ದರು. ಇನ್ನೊಂದು ಕಿವಿ, ಹೊಲದವನು ಕರೆದರೆ ಕೇಳಲಿ ಎಂದು. ತಲೆ ವಾಲಿಸಿಕೊಂಡು, ನೆಲದಡಿಯ ಹಳೆಯ ನಾಣ್ಯ ಒಡವೆ ಹುಡುಕುವ ಮೆಟಲ್ ಡಿಟೆಕ್ಟರನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ನಡೆದರೆ, ದೂರದಿಂದ ನೋಡಿದವರಿಗೆ ಯಾರೋ ಹೊಲ ಗುಡಿಸುತ್ತಿದ್ದಾರೆ ಅನಿಸಬೇಕು. ಗದಗದ ಕಡೆಯವರು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಬಸ್ ಓಡಿಸಿ ನಿವೃತ್ತರಾದವರು. ನಾನು ಎಸ್ಸೆಸ್ಸೆಲ್ಸಿ ಓದಿ, ಸೊಲಿಹಲ್‌ನ ಗೋದಾಮಿನಲ್ಲಿ ದುಡಿದವನು. ಹೆಂಡತಿ ತೀರಿಕೊಂಡ ಮೇಲೆ ಹೊತ್ತು ಹೋಗದೆ, ಬಂಗಾರ ಸಿಕ್ಕೀತೆಂಬ ಆಸೆಯಿಂದ ಒಂದು ಯಂತ್ರ ಕೊಂಡು ಅವರ ಬೆನ್ನು ಹತ್ತಿದೆ. ನನ್ನನ್ನು 'ಮೈಸೂರವ್ರ' ಎಂದೇ ಕರೆಯುತ್ತಿದ್ದರು.

ಅನುಮತಿ ಮೊದಲೇ ಇದ್ದರೂ ಪ್ರತಿ ಭಾನುವಾರ ರೈತನ ಬಾಗಿಲು ತಟ್ಟಿಯೇ ಹೊಲಕ್ಕಿಳಿಯುತ್ತಿದ್ದರು. ಹುಲ್ಲಿನ ಸಮೇತ ಮಣ್ಣನ್ನು ಮುಚ್ಚಳದ ಹಾಗೆ ಎತ್ತಿ, ನೋಡಿ, ಮತ್ತೆ ಮುಚ್ಚಿ ಅಂಗೈಯಿಂದ ತಟ್ಟುತ್ತಿದ್ದರು. ಸಿಕ್ಕ ಕಸವೆಲ್ಲ ಅವರ ಚೀಲಕ್ಕೆ. ಮೊದಲ ತಿಂಗಳು ನನಗೆ ಸಿಕ್ಕಿದ್ದೂ ಬರೀ ಕಸ. ಗೊಣಗಿದೆ.

"ಬೆಳ್ಳಿ ಚೀರತೈತ್ರಿ, ಕಬ್ಬಿಣ ಗೊರಕಿ ಹೊಡೀತೈತಿ. ಬಂಗಾರಕ್ಕ ಅಂಥಾ ಸೊಕ್ಕಿಲ್ಲ. ಚಾಕಲೇಟ್ ಹಾಳಿ ಹೆಂಗ ಮಾತಾಡತೈತೋ ಹಂಗ ಮಾತಾಡತೈತಿ. ಅದಕ್ಕ ಎಲ್ಲಾ ಅಗೀಬೇಕು," ಎಂದರು.

ಆ ದನಿ ಕೇಳಿಸಲೆಂದೇ ಫೆಬ್ರವರಿಯ ಒಂದು ಬೆಳಿಗ್ಗೆ ನನ್ನ ಮದುವೆಯ ಉಂಗುರ ಕೇಳಿ ಪಡೆದರು. ಕಳೆಯಬಾರದೆಂದು ಅದಕ್ಕೆ ಕೆಂಪು ನೂಲು ಕಟ್ಟಿ, ಮಣ್ಣಲ್ಲಿ ಹೂತು, ಮೇಲೆ ಹತ್ತಾರು ಸಲ ಯಂತ್ರ ಆಡಿಸಲು ಹಚ್ಚಿದರು. ಮೆತ್ತಗಿನ ದನಿ, ಗಂಟಲು ಸರಿಮಾಡಿಕೊಂಡ ಹಾಗೆ.

ಮನೆಗೆ ಬಂದರೆ ಬೆರಳಲ್ಲಿ ಉಂಗುರವಿರಲಿಲ್ಲ. ಫೋನು ಮಾಡಿದೆ. ಅಲ್ಲೇ ತಿರುಗಿ ಕೊಟ್ಟ ನೆನಪಿದೆ ಎಂದರು. ನೀವು ಇಲ್ಲವೆಂದರೆ ಹೊಲದಲ್ಲೇ ಇರಬೇಕು, ಹುಡುಕೋಣ ಎಂದರು. "ಹೊಲದಲ್ಲಿದೆಯೋ ನಿಮ್ಮ ಜೇಬಿನಲ್ಲಿದೆಯೋ," ಎಂದೆ.

ಯುಗಾದಿ ಊಟದಲ್ಲಿ ಇದೇ ಮಾತನ್ನು ಇಬ್ಬರ ಕಿವಿಗೆ ಹಾಕಿದೆ. ಅಷ್ಟು ಸಾಕಾಯಿತು. ಅಲ್ಲಿಂದ ಮುಂದೆ ನಮ್ಮ ಕನ್ನಡದವರ ಯಾವ ಕೂಟದಲ್ಲೂ ಅವರು ಕಾಣಲಿಲ್ಲ. ಆದರೆ ಪ್ರತಿ ಭಾನುವಾರ ಒಬ್ಬರೇ ಆ ಹೊಲಕ್ಕೆ ಹೋಗಿ ನನ್ನ ಉಂಗುರ ಹುಡುಕುತ್ತಿದ್ದರು.

ನವೆಂಬರಿನಲ್ಲಿ ಚಳಿ ಶುರುವಾಗಿ ಉಣ್ಣೆಯ ಕೈಗವಸು ಹೊರತೆಗೆದೆ. ಕಿರುಬೆರಳಿನ ತುದಿಯಲ್ಲಿ ಏನೋ ಒತ್ತಿತು. ಉಂಗುರ, ಕೆಂಪು ನೂಲಿನ ಗಂಟು ಹಾಗೇ ಇತ್ತು. ಅವತ್ತು ಅವರು ಕೊಟ್ಟಿದ್ದರು, ಬೆರಳು ಮರಗಟ್ಟಿದ್ದರಿಂದ ನಾನೇ ಅಲ್ಲಿ ತುರುಕಿದ್ದೆ.

ಹೇಳಿಬಿಡಬೇಕೆಂದು ಅದನ್ನು ಕೋಟಿನ ಜೇಬಿಗಿಟ್ಟುಕೊಂಡು ಹೊಲಕ್ಕೆ ಹೋದೆ. ಏನೂ ಆಗದವರಂತೆ ಬರಮಾಡಿಕೊಂಡರು. "ಬೇಲಿ ಕಡೆ ಇನ್ನ ಎರಡ ಪಟ್ಟಿ ಉಳದಾವ್ರಿ, ಮೈಸೂರವ್ರ," ಎಂದರು. ಹೇಳುವುದನ್ನು ಬಿಟ್ಟು, ಮಂಡಿಯೂರಿ ಮಣ್ಣು ಎತ್ತಿಕೊಡಲು ಕುಳಿತೆ. ಯಂತ್ರದ ತಟ್ಟೆ ನನ್ನ ಜೇಬಿನ ಪಕ್ಕಕ್ಕೆ ಬಂದಾಗ ಅವರ ಕೈ ನಿಂತಿತು.

"ಜೇಬಿನ್ಯಾಗ ಏನೈತ್ರಿ?"

"ಕಾರಿನ ಕೀ."

ತಲೆ ವಾಲಿಸಿ, ಇನ್ನೊಂದು ಸಲ ನಿಧಾನವಾಗಿ ಆಡಿಸಿದರು. ಕಿವಿಯಿಂದ ಹೆಡ್‌ಫೋನ್ ತೆಗೆದರು.

"ಹಂಗಾರ ಕೀಲೀನ ಇರಬೇಕ್ರಿ," ಎಂದು ಯಂತ್ರ ಆರಿಸಿದರು. ಗುಂಡಿ ಮುಚ್ಚಿ, ಅಂಗೈಯಿಂದ ತಟ್ಟಿದರು.

ಬೇಲಿ ಕಡೆಯ ಎರಡು ಪಟ್ಟಿಯನ್ನು ಅವರು ಹುಡುಕಲೇ ಇಲ್ಲ. ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಕೊನೆಯ ಸಾಲಿನಲ್ಲಿ ಕೈಗವಸು ಹಾಕಿಕೊಂಡು ನಿಂತಿದ್ದೆ. ಕದ್ದರೆಂದು ಇಬ್ಬರಿಗೆ ಹೇಳಿದ್ದವನು, ಕದಿಯಲಿಲ್ಲವೆಂದು ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಅವರ ಹೆಸರು ಫಕೀರಪ್ಪ ಬಡಿಗೇರ.