ಕಾಕಾ ಕಟ್ಟಿಸಿದ ಫ್ಲೆಕ್ಸು

ಇವತ್ತು ಬೆಳಿಗ್ಗೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹೊಸ ಫ್ಲೆಕ್ಸಿನ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಗೊತ್ತಿರಬೇಕು ಅದು, ಅರ್ಧ ಸೀಮೆಎಣ್ಣೆ, ಅರ್ಧ ಹೊಸ ರೇನ್‌ಕೋಟು. ದಿಲ್ಲಿಯ ಯಾವುದೋ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾದ ಹುಡುಗಿಗೆ ಅಭಿನಂದನೆ. ಹುಡುಗಿಯ ಮುಖ ಸಣ್ಣದು, ಅಭಿನಂದಿಸುವವರ ಮುಖಗಳು ದೊಡ್ಡವು. ನನಗೆ ನಗು ತಡೆಯಲಾಗಲಿಲ್ಲ. ಇದೇ ಊರಿನಲ್ಲಿ ನಾನೂ ಒಮ್ಮೆ ಹೀಗೆ ಕಂಬಕ್ಕೆ ತೂಗಿದವಳು.

ತೂಗುಹಾಕಿದವನು ನಮ್ಮ ಕಾಕಾ, ಅಪ್ಪನ ತಮ್ಮ. ಹತ್ತಿರದ ಸಗರ ಹಳ್ಳಿಯಲ್ಲಿ ಬೆಳೆದ ನನ್ನನ್ನು ಶಹಾಪುರದ ತನ್ನ ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿಟ್ಟುಕೊಂಡು ಬಿ.ಎಸ್ಸಿ. ಓದಿಸಿದವನೂ ಅವನೇ. ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಹೈದರಾಬಾದಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ಸಂಜೆಯೇ ಫ್ಲೆಕ್ಸು ಮಾಡಿಸಲು ಹೊರಟುಬಿಟ್ಟ. ಕಲಬುರಗಿಯಲ್ಲೂ ಸಿಕ್ಕಿದೆ ಎಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ನಿಜಾಮ ಹೋದರೂ ನಮ್ಮ ಕಡೆಯವರ ಕಣ್ಣಲ್ಲಿ ಹೈದರಾಬಾದಿನ ದೌಲತ್ತು ಹೋಗಿಲ್ಲ. ಕಲಬುರಗಿ ಎಂದರೆ ಹಲ್ಲು ಕೀಳಿಸಲು ಹೋಗುವ ಊರು, ಅಷ್ಟೆ.

ಫ್ಲೆಕ್ಸಿಗೆ ಅವನು ಕೊಟ್ಟದ್ದು ನನ್ನ ಹತ್ತನೇ ತರಗತಿಯ ಹಾಲ್‌ಟಿಕೆಟ್ಟಿನ ಫೋಟೊ. ಏನೋ ಕದ್ದು ಸಿಕ್ಕಿಬಿದ್ದವಳ ಹಾಗಿದ್ದೆ. ಅದು ಚೌಕಿನಲ್ಲಿ ತೂಗಿದಷ್ಟು ದಿನವೂ ನಾನು ದುಪಟ್ಟಾ ಮುಸುಕು ಹಾಕಿಕೊಂಡೇ ತಿರುಗಾಡಿದೆ.

ಎರಡೂ ಕಡೆ ನೋಡಿ ಬರೋಣವೆಂದು ಹಟ ಹಿಡಿದವಳು ನಾನು. ಇಸ್ತ್ರಿ ಮಾಡಿದ ಧೋತರ ಉಟ್ಟು ಕಾಕಾ ಜೊತೆಗೆ ಹೊರಟ. ಹೈದರಾಬಾದಿನಲ್ಲಿ ಗೇಟಿನ ಮುಂದೆ, ಕಾರಂಜಿಯ ಮುಂದೆ, ಕೊನೆಗೆ ಕಾವಲುಗಾರನ ಜೊತೆಗೂ ಫೋಟೊ ತೆಗೆಸಿಕೊಂಡ. ಒಳಗೆ ಗಾಜಿನ ಕೋಣೆಗಳು, ಗುಂಯ್‌ಗುಡುವ ಯಂತ್ರಗಳು. ನನಗೆ ಬೇಕಿದ್ದದ್ದು ಬಯಲಿನ ಹುಲ್ಲು, ಗುಡ್ಡದ ಗಿಡ. ಅಂಥದ್ದನ್ನು ಇಲ್ಲಿ ಯಾರೂ ಮಾಡುವುದಿಲ್ಲ, ಲ್ಯಾಬಿನ ಕೆಲಸ ಕಲಿತರೆ ಮುಂದೆ ಬರುತ್ತೀರಿ ಎಂದರು ಪ್ರಾಧ್ಯಾಪಕರು. ಸಂಭಾವಿತರು, ಅವರ ಮಾತೇನೂ ತಪ್ಪಾಗಿರಲಿಲ್ಲ.

ಮುಂದಿನ ವಾರ ಕಲಬುರಗಿ. ವಿಭಾಗದ ಹಿಂದಿನ ಬಯಲಲ್ಲಿ ಅಡ್ಡದಾರಿ ಹಿಡಿದು ಬಂದಿದ್ದರಿಂದ ಕಾಕಾನ ಧೋತರದ ತುಂಬ ಉತ್ತರಾಣಿ ಬೀಜ ಅಂಟಿದ್ದವು. ಅಲ್ಲಿಯ ಮೇಡಂ ನಮಸ್ಕಾರಕ್ಕೂ ಮೊದಲು ನೋಡಿದ್ದು ಅದನ್ನೇ. ಬಗ್ಗಿ ಒಂದು ಬೀಜ ಕಿತ್ತು ನನ್ನ ಅಂಗೈಗೆ ಹಾಕಿ, “ಇವು ಯಾಕ ಅಂಟ್ಕೋತಾವ, ಹೇಳು ನೋಡೋಣು” ಎಂದರು. ಕಾಕಾ ಹೌಹಾರಿ ಹಿಂದೆ ಸರಿದ. ನಾನು ಹೇಳಿದೆ. ಹೇಳುತ್ತ ಹೇಳುತ್ತ ಸಗರದ ಬಂಡೆಗಳ ಸಂದಿಯಲ್ಲಿ ಮಳೆಗೆ ಹುಟ್ಟಿ ದೀಪಾವಳಿಗೆ ಮಾಯವಾಗುವ ಒಂದು ಹುಲ್ಲಿನ ಮಾತಿಗೆ ಹೋದೆ. ಮೇಡಂ ಒಪ್ಪಲಿಲ್ಲ, ನಾನು ಬಿಡಲಿಲ್ಲ. ತರಿಸಿದ ಚಹಾ ಆರಿಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಕಲಬುರಗಿಯೇ ಬೇಕೆಂದು ಗೊತ್ತಾಗಿತ್ತು, ಆದರೆ ಚೌಕಿನ ಫ್ಲೆಕ್ಸು ಕಣ್ಣ ಮುಂದಿತ್ತು. ಕಾಕಾ ಮುಖ ಸಣ್ಣದು ಮಾಡಿಕೊಂಡರೆ ಸಾಕು, ಬಾಯಿ ಮುಚ್ಚಿಕೊಂಡು ಹೈದರಾಬಾದಿಗೆ ಹೋಗುವವಳು ನಾನು. ಜೇವರ್ಗಿ ದಾಟಿದ ಮೇಲೆ ಅವನೇ ಮಾತು ತೆಗೆದ.

“ಹೈದರಾಬಾದಿನ್ಯಾಗ ನೀ ಬರೇ ಯೆಸ್ ಸರ್, ಯೆಸ್ ಸರ್ ಅಂದಿ. ಇಲ್ಲಿ ಆ ಮೇಡಂ ಅವ್ರಿಗೆ ಮಾತಾಡಾಕ ಬಿಡಲಿಲ್ಲ. ಇಲ್ಲೇ ಓದು.”

“ಮತ್ತ ಫ್ಲೆಕ್ಸ್, ಕಾಕಾ?”

“ಬಿಚ್ಚಿ ಒಗದ್ರ ಆತು. ಅದೇನು ಲಗ್ನಪತ್ರಿಕೇನ?”

ಒಗೆಯಲಿಲ್ಲ, ಸಗರಕ್ಕೆ ಕಳಿಸಿದ. ಆ ವರ್ಷ ಅವ್ವ ನನ್ನ ಮುಖದ ಮೇಲೆಯೇ ಮೆಣಸಿನಕಾಯಿ ಒಣಗಿಸಿದಳು. ಅಂಗಡಿಗೆ ಬಂದವರು ಕೇಳಿದರೆ ಕಾಕಾ ಸಕ್ಕರೆ ತೂಗುತ್ತ, “ಹೈದರಾಬಾದಿನವ್ರು ಕರದಿದ್ರು. ನಮ್ಮಾಕೀನ ಬ್ಯಾಡ ಅಂದಾಳ” ಎನ್ನುತ್ತಿದ್ದ. ಅಲ್ಲಿ ಸೀಟು ಸಿಕ್ಕವರು ಊರಲ್ಲಿದ್ದರು, ಬೇಡವೆಂದವರು ಯಾರೂ ಇರಲಿಲ್ಲ. ಹೀಗಾಗಿ ನನ್ನ ಮರ್ಯಾದೆ ಹೆಚ್ಚೇ ಆಯಿತು. ಕಾಕಾನಿಗೆ ಇದೆಲ್ಲ ಎಷ್ಟು ಸಲೀಸು ಎಂದುಕೊಂಡು ನಾನೂ ಹಗುರಾಗಿ ಕಲಬುರಗಿಗೆ ಹೋದೆ. ಈಗ ಸುರಪುರದಲ್ಲಿ ಪಾಠ ಹೇಳುತ್ತ, ಹುಡುಗರನ್ನು ಗುಡ್ಡ ಹತ್ತಿಸುತ್ತ ಖುಷಿಯಾಗಿದ್ದೇನೆ.

ಇವತ್ತು ಸಂಜೆ ಶಹಾಪುರದಲ್ಲಿ ಬಸ್ ಇಳಿದವಳು ನೇರ ಅಂಗಡಿಗೆ ಹೋದೆ. ಇಷ್ಟು ವರ್ಷ ಕೇಳದಿದ್ದ ಒಂದು ಮಾತು ಕೇಳಿದೆ.

“ಕಾಕಾ, ಆವತ್ತ ಫ್ಲೆಕ್ಸ್ ಬಿಚ್ಚಿದಾಗ ನಿನಗ ಬ್ಯಾಸರ ಆಗಿತ್ತೇನು?”

ಅವನು ಕನ್ನಡಕ ತೆಗೆದು ಒರೆಸಿದ. “ಆಗಿತ್ತವ್ವ. ಭಾಳ ಆಗಿತ್ತು. ಊಟಾನ ಸೇರತಿದ್ದಿಲ್ಲ.”

“ಮತ್ತ ಒಂದ್ ಮಾತರ ಹೇಳಬೇಕೋ ಬ್ಯಾಡೋ?”

“ಹೇಳಿದ್ರ ನೀ ಹೈದರಾಬಾದಿಗೆ ಹೋಗಿಬಿಡತಿದ್ದಿ” ಎಂದ.