ನಾಲ್ಕು ಗಂಟೆಯ ಜಿಮ್ಮಿನ ಅಣ್ಣ

ಕಳೆದ ತಿಂಗಳು ನವಿ ಮುಂಬಯಿಯ ಕಾಮೋಠೆಯಲ್ಲಿ ಪರಿಚಯದವರ ಗೃಹಪ್ರವೇಶವಿತ್ತು. ನಾನಿರುವ ಠಾಣೆಯಿಂದ ಪನ್ವೇಲ್ ಲೋಕಲ್ ಟ್ರೇನಿನಲ್ಲಿ ನಿಂತೇ ಹೋಗಬೇಕಾಯಿತು. ಬಾಗಿಲ ಬಳಿಯ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಇಳಿದ ಮೇಲೆ ಮುಖ ಒರೆಸಿಕೊಳ್ಳಲು ಕೈ ಎತ್ತಿದರೆ ಅಂಗೈಯಿಂದ ವಾಸನೆ ಬಂತು... ಬೆವರು ತಾಗಿದ ಕಬ್ಬಿಣದ ವಾಸನೆ. ಪ್ಲಾಟ್‌ಫಾರ್ಮಿನಲ್ಲಿ ಅಂಗೈ ಮೂಸುತ್ತ ನಿಂತ ನನ್ನನ್ನು ಕಂಡು ಒಬ್ಬ ಹುಡುಗಿ ದೂರ ಸರಿದು ನಿಂತಳು. ಅವಳದ್ದೇನೂ ತಪ್ಪಿಲ್ಲ. ಮನಸ್ಸಿನಲ್ಲಿ ನಾನಾಗಲೇ ಡೊಂಬಿವಲಿಯ ಹಳೆಯ ಜಿಮ್ಮಿಗೆ ಹೋಗಿ ಮುಟ್ಟಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು. ಡೊಂಬಿವಲಿಯ ಒಂದು ಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಫಸ್ಟ್ ಶಿಫ್ಟ್. ಮೂರು ಗಂಟೆಗೆ ಬಿಡುಗಡೆ. ರೂಮಿನ ಜೊತೆಗಾರರೆಲ್ಲ ಮುಂಬಯಿಗೆ ಕೆಲಸಕ್ಕೆ ಹೋದವರು, ಕತ್ತಲಾದ ಮೇಲೆಯೇ ಬರುತ್ತಿದ್ದರು. ಅಷ್ಟು ಹೊತ್ತು ಗೋಡೆ ನೋಡುತ್ತ ಕೂರುವುದಕ್ಕಿಂತ ಎಂದು ಜಿಮ್ ಸೇರಿದೆ. ಸ್ನಾಯು ಬೆಳೆಸುವ ಆಸೆಗಿಂತ ಆ ಖಾಲಿ ರೂಮಿನ ಭಯವೇ ನನಗೆ ಹೆಚ್ಚಿತ್ತು.

ಜಿಮ್ ಎಂದರೆ ಮೊದಲು ಗೋಡೌನ್ ಆಗಿದ್ದ ಒಂದು ಉದ್ದನೆಯ ಕೋಣೆ. ಗೋಡೆಯಲ್ಲಿ ಮಾರುತಿಯ ಫೋಟೊ, ಅಂಚು ಕಪ್ಪಾದ ಕನ್ನಡಿ, ಕಿರುಗುಡುವ ಫ್ಯಾನು. ಬೆಳಿಗ್ಗೆ ಸಂಜೆ ಕಾಲಿಡಲು ಜಾಗವಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಮಾತ್ರ ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ಸ್ಟೇಷನ್ ಹತ್ತಿರದ ವೆಜ್ ಹೋಟೆಲಿನ ಕೌಂಟರಿನಲ್ಲಿ ಕೂರುವವರು. ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ಮೊದಲು ಸಿಗುವ ಬಿಡುವಿನಲ್ಲಿ ಅವರು ಬರುತ್ತಿದ್ದರು.

ಬೆಂಚಿನ ಮೇಲೆ ಅಂಗಾತ ಮಲಗಿ ರಾಡ್ ಎತ್ತುವಾಗ ತಲೆಯ ಹಿಂದೆ ಒಬ್ಬರು ನಿಲ್ಲಬೇಕು. ಕೈ ಸೋತರೆ ರಾಡ್ ಎದೆಯ ಮೇಲೆ ಕೂರುತ್ತದೆ, ಎತ್ತಿಕೊಳ್ಳುವವರು ಬೇಕು. ಹಾಗಾಗಿ ನನಗೆ ಅವರು, ಅವರಿಗೆ ನಾನು. ನಮ್ಮ ಮಾತೆಲ್ಲ ಹಿಂದಿಯಲ್ಲಿ. "ಔರ್ ಏಕ್ ಬಾಸ್, ಔರ್ ಏಕ್" ಎನ್ನುತ್ತಿದ್ದರು. ಹೆಸರೂ ಇಲ್ಲ, ಊರೂ ಇಲ್ಲ. ಹೀಗೇ ಹತ್ತಿರ ಹತ್ತಿರ ಒಂದು ವರ್ಷ.

ಒಂದು ದಿನ ಹುಮ್ಮಸ್ಸಿನಲ್ಲಿ ಪ್ಲೇಟು ಜಾಸ್ತಿ ಹಾಕಿಕೊಂಡೆ. ಅವರು ಬೆವರು ಒರೆಸಿಕೊಳ್ಳಲು ಆಚೆ ತಿರುಗಿದ್ದರು. ರಾಡ್ ಇಳಿದು ಎದೆಯ ಮೇಲೆ ಕೂತಿತು. ಆ ಹೊತ್ತಿನಲ್ಲಿ ಹಿಂದಿ ಎಲ್ಲಿಂದ ಬರಬೇಕು? "ಅಯ್ಯಯ್ಯೋ, ಎತ್ತಿ ಮಾರಾಯ್ರೆ, ಎತ್ತಿ!" ಎಂದು ಕಿರುಚಿದೆ.

ಅವರು ಓಡಿ ಬಂದು ಎತ್ತಿದರು. ಎತ್ತಿದವರು ರಾಡನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನೆಲದ ಮೇಲೆ ಕೂತು ನಗತೊಡಗಿದರು. "ಅಲ್ಲ ಮಾರಾಯ, ಒಂದು ವರ್ಷ ನನ್ನ ಕೈಯಲ್ಲಿ ಹಿಂದಿ ಮಾತಾಡಿಸಿದೆಯಲ್ಲ! ಕುಂದಾಪುರವಾ ನೀನು?"

ಹೌದು ಎಂದೆ. ಅವರು ಕಾಪು ಕಡೆಯವರು, ಮನೆಮಾತು ತುಳು. ನಮ್ಮವರ ಹಣೆಬರಹವೇ ಇಷ್ಟು. ಪಕ್ಕದಲ್ಲಿ ನಿಂತವನ ಜೊತೆಗೂ ಹಿಂದಿ ಮಾತಾಡುತ್ತೇವೆ, ಪ್ರಾಣಕ್ಕೆ ಬಂದಾಗ ಮಾತ್ರ ಊರು ಹೊರಗೆ ಬೀಳುತ್ತದೆ. ಅಂದಿನಿಂದ ಅವರು ನನಗೆ ಅಣ್ಣ ಆದರು.

ಅಣ್ಣನಿಗೆ ಆಗ ನಲವತ್ತೈದು ದಾಟಿತ್ತು. ನೋಡಿದವರು ಮೂವತ್ತೈದು ಎನ್ನುತ್ತಿದ್ದರು. ಹೋಟೆಲಿನ ಕೌಂಟರಿನಲ್ಲಿ ಕೂತವರಿಗೆ ಹೊಟ್ಟೆ ಬರುವುದು ಸಂಬಳ ಬಂದಷ್ಟೇ ಸಹಜ. ಇವರಿಗೆ ಬಂದಿರಲಿಲ್ಲ. ಚಹಾಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ, ಹೋಟೆಲಿನ ಪೂರಿಯನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹೋಟೆಲಿನ ಮೇಲಿನ ಕೋಣೆಯಲ್ಲಿ ಹುಡುಗರ ಜೊತೆ ಮಲಗುವ ಆ ಮನುಷ್ಯ ಶರ್ಟಿನ ಗೆರೆ ಕೆಡದ ಹಾಗೆ ಅದನ್ನು ಹಾಸಿಗೆಯ ಅಡಿಯಲ್ಲಿ ಮಡಚಿ ಇಡುತ್ತಿದ್ದರು.

ಉಪದೇಶಕ್ಕಂತೂ ಕೊರತೆಯೇ ಇರಲಿಲ್ಲ. ಶರ್ಟಿನ ಹೊಲಿಗೆ ಭುಜದ ಮೂಳೆಯ ಮೇಲೆ ಕೂರಬೇಕು, ಕೆಳಗೆ ಜಾರಿದರೆ ಅದು ಅಪ್ಪನ ಶರ್ಟು. ಕಪ್ಪು ಶೂಗೆ ಕಂದು ಬೆಲ್ಟು ಹಾಕಬಾರದು. ಪ್ರೋಟೀನ್ ಪೌಡರ್ ಡಬ್ಬಕ್ಕೆ ದುಡ್ಡು ಸುರಿಯಬೇಡ, ಹೆಸರುಕಾಳು ನೆನೆಹಾಕು. ಲೋಕಲ್ಲಿನಲ್ಲಿ ಹೋಗುವುದಾದರೆ ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗು, ಶೂ ಚೀಲದಲ್ಲಿರಲಿ, ಇಳಿದ ಮೇಲೆ ಹಾಕಿಕೋ. ಈ ಕೊನೆಯದನ್ನು ನಾನು ಠಾಣೆಯ ಇಂಟರ್‌ವ್ಯೂಗೆ ಪಾಲಿಸಿದೆ. ಎಲ್ಲ ಉಪದೇಶವೂ ಸರಿಯಿತ್ತು ಎಂದಲ್ಲ. ಸೆಂಟಿನ ವಿಷಯದಲ್ಲಿ ಅವರ ಕೈ ತುಸು ದೊಡ್ಡದು. ಅವರು ಬಂದುದು ಮೆಟ್ಟಿಲಲ್ಲೇ ಗೊತ್ತಾಗುತ್ತಿತ್ತು.

"ಇಷ್ಟೆಲ್ಲ ಯಾರಿಗಾಗಿ ಅಣ್ಣ?" ಎಂದು ಒಮ್ಮೆ ತಮಾಷೆಗೆ ಕೇಳಿದೆ. ಅವರು ತಮಾಷೆ ಮಾಡಲಿಲ್ಲ. ತಂಗಿಯರ ಮದುವೆ ಒಂದೊಂದಾಗಿ ಮುಗಿಯುವಷ್ಟರಲ್ಲಿ ತಮ್ಮ ವಯಸ್ಸು ದಾಟಿತು ಎಂದರು. "ಒಂದಲ್ಲ ಒಂದು ದಿನ ಯಾರಾದ್ರೂ ನೋಡ್ತೇನೆ ಅಂದ್ರೆ, ಆವತ್ತು ತಯಾರಿರಬೇಕಲ್ಲ ಮಾರಾಯ" ಎಂದು ಡಂಬೆಲ್ ಎತ್ತಿಕೊಂಡರು.

ಆ ದಿನ ಬಂತು. ಹೋಟೆಲಿಗೆ ಬರುವ ಊರಿನ ಹಿರಿಯರೊಬ್ಬರು ಸಂಬಂಧ ತಂದರು. ಹುಡುಗಿ ಎಂದರೆ ಹುಡುಗಿಯಲ್ಲ, ನಲವತ್ತರ ಹತ್ತಿರದವರು. ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡ ತೀರಿಕೊಂಡಿದ್ದ. ಕಾಮೋಠೆಯಲ್ಲಿ ತಮ್ಮ ಒಡಹುಟ್ಟಿದ ಅಣ್ಣನ ಮನೆಯಲ್ಲಿದ್ದರು. ಹೆಣ್ಣು ನೋಡಲು ಗಂಡಿನ ಕಡೆಯಿಂದ ಒಬ್ಬನೇ ಹೋಗುವ ಕ್ರಮವಿಲ್ಲ, ಮನೆಯವರು ಯಾರಾದರೂ ಜೊತೆಗಿರಬೇಕು. ಅಣ್ಣನಿಗೆ ಇಲ್ಲಿ ಯಾರಿದ್ದರು? ನಾನೇ ತಮ್ಮನಾಗಿ ಹೊರಟೆ.

ಅಂದು ಅಣ್ಣ ಕೂದಲಿಗೆ ಎಂದಿಗಿಂತ ಚೊಕ್ಕವಾಗಿ ಬಣ್ಣ ಹಚ್ಚಿದ್ದರು. ತಿಳಿನೀಲಿ ಶರ್ಟು, ಸ್ಟೀಲಿನ ವಾಚು, ಕನ್ನಡಿಯಂತೆ ಹೊಳೆಯುವ ಶೂ. ಬಟ್ಟೆ ಮುದುಡಬಾರದೆಂದು ಹೋಟೆಲ್ ಮಾಲಕರ ಕಾರು ಕೇಳಿ ತಂದಿದ್ದರು. ಶಿಳ್ ಫಾಟಾ ಕ್ರಾಸಿನ ಟ್ರಾಫಿಕ್ಕಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಾಗಲೂ ಅವರು ಸೀಟಿಗೆ ಬೆನ್ನು ತಾಗಿಸಲಿಲ್ಲ. "ಚಂದ ಕಾಣ್ತೇನಾ? ಹೆಚ್ಚಾಗ್ಲಿಲ್ಲ ಅಲ್ವಾ?" ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದರು. ರಾಜನ ಹಾಗಿದ್ದೀರಿ ಎಂದೆ. ನಿಜವಾಗಿಯೂ ಹಾಗಿದ್ದರು.

ಆಕೆ ಚಹಾ ತಂದರು. ಅಣ್ಣ ಸಕ್ಕರೆ ಹಾಕಿದ ಆ ಚಹಾವನ್ನು ಪೂರ್ತಿ ಕುಡಿದರು. ಕೇಸರಿಬಾತನ್ನೂ ತಿಂದರು. ನಾನು ಬೆರಗಾಗಿ ನೋಡುತ್ತಿದ್ದುದನ್ನು ಆಕೆ ಗಮನಿಸಿ ಸಣ್ಣಗೆ ನಕ್ಕರು. ಆಕೆಯ ಅಣ್ಣ ಕಿಟಕಿಯಿಂದ ಬಗ್ಗಿ ನೋಡಿ, "ಗಾಡಿ ನಿಮ್ಮದಾ?" ಎಂದು ಕೇಳಿದ. ಅಲ್ಲ, ಮಾಲಕರದ್ದು ಎಂದು ಅಣ್ಣ ಇದ್ದುದನ್ನು ಇದ್ದ ಹಾಗೆ ಹೇಳಿದರು. ಆತ ವಾಚನ್ನು ನೋಡಿದ, ಶೂ ನೋಡಿದ. ಮತ್ತೆ ಹೆಚ್ಚು ಮಾತಾಡಲಿಲ್ಲ.

ಬೇಡ ಎನ್ನುವ ಮಾತನ್ನು ನಮ್ಮಲ್ಲಿ ಗಂಡಿಗೆ ನೇರವಾಗಿ ಹೇಳುವುದಿಲ್ಲ, ಜೊತೆಗೆ ಬಂದವರಿಗೆ ಹೇಳುತ್ತಾರೆ. ಹಿರಿಯರು ನನಗೇ ಫೋನ್ ಮಾಡಿದರು. "ಇಷ್ಟು ಟಿಪ್‌ಟಾಪ್ ಇರುವ ಗಂಡಸು ಈ ವಯಸ್ಸಿನವರೆಗೆ ಒಬ್ಬನೇ ಇದ್ದಾನೆ ಅಂದ್ರೆ ಎಲ್ಲೋ ಏನೋ ಉಂಟು ಅಂತಾರೆ. ವೆಜ್ ಹೋಟೆಲ್ ಹೌದಾ, ಡ್ಯಾನ್ಸ್ ಬಾರಿನ ಲೈನಿನವರಾ ಅಂತ ಕೇಳ್ತಾರೆ. ನಾನು ಎಷ್ಟು ಹೇಳಿದ್ರೂ ಅವರ ತಲೆಗೆ ಹೋಗುವುದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಕೊಳಕು ಬನಿಯನ್ನು, ಜೋಲು ಹೊಟ್ಟೆ ಇದ್ದಿದ್ದರೆ ಒಳ್ಳೆಯ ಮನುಷ್ಯನಾಗುತ್ತಿದ್ದರೇನು? ಅಣ್ಣನಿಗೆ ಇದ್ದುದನ್ನೇ ಹೇಳಿದೆ. ಅವರು ಬೆಂಚಿನ ಮೇಲೆ ಕೂತು ಕೇಳಿದರು. "ಅಷ್ಟೇಯಾ?" ಎಂದರು. ಆಮೇಲೆ ಮಲಗಿ, "ಬಾ, ನಿಲ್ಲು" ಎಂದು ನನ್ನನ್ನು ತಲೆಯ ಹಿಂದೆ ನಿಲ್ಲಿಸಿಕೊಂಡರು. ಅಂದು ಅವರ ಕೈ ಬೇಗ ಸೋತಿತು...

ಅದಾದ ಮೇಲೆ ಅಣ್ಣ ಜಿಮ್ಮಿಗೆ ಬರುವುದು ಕಡಿಮೆಯಾಗಿ, ಕೊನೆಗೆ ನಿಂತೇಹೋಯಿತು. ಹೋಟೆಲಿಗೆ ಹೋಗಿ ಕರೆದರೆ ಸೀಜನ್, ಕೆಲಸ ಜಾಸ್ತಿ ಎನ್ನುತ್ತಿದ್ದರು. ಅಷ್ಟರಲ್ಲಿ ನನಗೆ ಠಾಣೆಯಲ್ಲಿ ಕೆಲಸ ಸಿಕ್ಕಿತು. ಮತ್ತೆ ಡೊಂಬಿವಲಿಗೆ ಹೋದಾಗ ಮಳೆಗಾಲ ಕಳೆದಿತ್ತು. ಕೌಂಟರಿನಲ್ಲಿ ಕೂತವರನ್ನು ನೋಡಿ ಇವರ್ಯಾರೋ ಹೊಸಬರು ಎಂದುಕೊಂಡೆ. ತಲೆ ಪೂರ್ತಿ ನರೆತಿತ್ತು. ಶರ್ಟಿನ ಗುಂಡಿಗಳನ್ನು ಹೊಟ್ಟೆ ಎಳೆಯುತ್ತಿತ್ತು. ಮುಂದಿನ ತಟ್ಟೆಯಲ್ಲಿ ಪೂರಿ.

ನನ್ನನ್ನು ಕಂಡು ಎದ್ದು ಬಂದಾಗಲೇ ಗೊತ್ತಾದದ್ದು, ಅದು ಅಣ್ಣ. ಹುಡುಗರಿಗೆ ಕೇಳಿಸದಂತೆ ಮೂಲೆಗೆ ಕರೆದುಕೊಂಡು ಹೋಗಿ, ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟು ತೋರಿಸಿದರು. "ಈಗ ನೋಡು. ಈಗ ವಯಸ್ಸಾದವನ ಹಾಗೆ ಕಾಣ್ತೇನಲ್ಲ? ಸಂಶಯ ಬರಲಿಕ್ಕೆ ಏನೂ ಇಲ್ಲ ಅಲ್ವಾ? ಕಾಮೋಠೆಯವರನ್ನು ಇನ್ನೊಂದು ಸಲ ಕೇಳು ಮಾರಾಯ. ನೀನು ಕೇಳಿದ್ರೆ ಚಂದ."

ಹೊರಗೆ ಬಂದು ಹಿರಿಯರಿಗೆ ಫೋನ್ ಮಾಡಿದೆ. ಬೇರೆ ಕಡೆ ಮಾತು ನಡೆಯುತ್ತಿದೆಯಂತೆ, ಬ್ಯಾಂಕಿನವರೊಬ್ಬರ ಜೊತೆ. ಒಳಗೆ ಹೋಗಿ ಹೇಳಿದಾಗ ಅಣ್ಣ ತಲೆಯಾಡಿಸಿದರು. "ಒಳ್ಳೆದಾಯ್ತು, ಬ್ಯಾಂಕಿನವರು ಒಳ್ಳೆ ಜನ" ಎಂದು ಕೌಂಟರಿಗೆ ಹೋಗಿ ಕೂತರು. ಗಿರಾಕಿ ಕಾಯುತ್ತಿದ್ದ.

ಮರುವರ್ಷ ಆ ಹೋಟೆಲನ್ನು ಮಾಲಕರು ಬೇರೆಯವರಿಗೆ ಬಿಟ್ಟುಕೊಟ್ಟರು. ಕೆಲಸದವರು ಚದುರಿಹೋದರು. ಅಣ್ಣ ಸೂರತ್ ಕಡೆ ಹೋದರೆಂದು ಒಬ್ಬರು, ಊರಿಗೇ ಹೋದರೆಂದು ಇನ್ನೊಬ್ಬರು. ನನ್ನಲ್ಲಿದ್ದ ನಂಬರು ಸತ್ತಿತ್ತು... ಅಷ್ಟಕ್ಕೇ ಬಿಟ್ಟುಹೋಯಿತು.

ಕಳೆದ ತಿಂಗಳ ಗೃಹಪ್ರವೇಶದಲ್ಲಿ ಊಟದ ಪಂಕ್ತಿಗೆ ಪಾಯಸ ಬಡಿಸುತ್ತಿದ್ದ ಹೆಂಗಸು ನನ್ನ ಮುಂದೆ ನಿಂತರು. ತುಸು ಹೊತ್ತು ನೋಡಿ, "ನೀವು ಅವರ ತಮ್ಮ ಅಲ್ವಾ? ಕಾರಲ್ಲಿ ಬಂದಿದ್ದಿರಿ" ಎಂದರು. ಕೊರಳು ಖಾಲಿಯಿತ್ತು. ಬ್ಯಾಂಕಿನವರ ಮಾತು ಮುರಿದು ಬಿದ್ದಿತ್ತೆಂದು ಆಮೇಲೆ ಗೊತ್ತಾಯಿತು.

ಊಟವಾದ ಮೇಲೆ ಬಾಲ್ಕನಿಯಲ್ಲಿ ನಿಂತು ಎಲ್ಲ ಹೇಳಿದೆ. ನಾನು ತಮ್ಮನಲ್ಲ, ಜಿಮ್ಮಿನ ಜೊತೆಗಾರ ಎಂದೆ. ಆಕೆಯ ಮನೆಯವರ ಮಾತು ಕೇಳಿ ಅಣ್ಣ ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟದ್ದು, ಹೊಟ್ಟೆ ಬೆಳೆಸಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಆಕೆ ಕಂಬಿ ಹಿಡಿದುಕೊಂಡು ಕೆಳಗಿನ ರಸ್ತೆ ನೋಡುತ್ತಿದ್ದರು.

"ನನ್ನನ್ನು ಯಾರೂ ಕೇಳ್ಲೇ ಇಲ್ಲ" ಎಂದರು. "ಕೇಳಿದ್ರೆ ಹೂಂ ಅಂತಿದ್ದೆ. ಅಷ್ಟು ಚಂದ ಮಾಡಿಕೊಂಡು ನನ್ನನ್ನು ನೋಡ್ಲಿಕ್ಕೆ ಅಂತ ಯಾರೂ ಬಂದಿರ್ಲಿಲ್ಲ."

ಒಳಗಿನಿಂದ ಯಾರೋ ಕರೆದರು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಹೋದರು. ನಾನು ಠಾಣೆಯ ಲೋಕಲ್ ಹತ್ತಿದೆ. ಆಮೇಲೆ ಕಾಪು ಕಡೆಯ ಎಷ್ಟೋ ಜನರನ್ನು ವಿಚಾರಿಸಿದೆ, ಸೂರತ್ತಿನ ಹೋಟೆಲುಗಳಿಗೆ ಫೋನ್ ಮಾಡಿಸಿದೆ. ಅಣ್ಣ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ಹೇಳುವವರೇ ಇಲ್ಲ. ಆಕೆಯ ಆ ಮಾತು ಅವರಿಗೆ ಸೇರಬೇಕಾದದ್ದು. ಅದು ನನ್ನ ಬಳಿಯೇ ಉಳಿದುಬಿಟ್ಟಿದೆ.