ನಿಂತು ಹಾಕಿದ ಸಹಿ

ನಮ್ಮ ಹೊಲಿಗೆ ಅಂಗಡಿಯಲ್ಲಿ ದೊಡ್ಡಮ್ಮ ನಿಲ್ಲುತ್ತಾಳೆ, ಅಮ್ಮ ಕೂರುತ್ತಾಳೆ. ಮೂವತ್ತೆಂಟು ವರ್ಷಗಳಿಂದ ಇದೇ ಏರ್ಪಾಡು. ಸೊಂಟದೆತ್ತರದ ಉದ್ದ ಮೇಜಿನ ಮುಂದೆ ನಿಂತು ದೊಡ್ಡಮ್ಮ ಬಟ್ಟೆ ಹಾಸಿ, ಎಡಗೈಯಿಂದ ಎರಡು ಸಲ ಸವರಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುತ್ತಾಳೆ. ಕಿಟಕಿ ಪಕ್ಕ ಯಂತ್ರದ ಮುಂದೆ ಕೂತ ಅಮ್ಮ ಅದನ್ನು ಹೊಲಿಯುತ್ತಾಳೆ. ಗಿರಾಕಿಗೆ ಕೊಡುವ ಅಳತೆ ಚೀಟಿ ಬರೆದು ಸಹಿ ಹಾಕುವುದೂ ಅಮ್ಮನೇ. ದೊಡ್ಡಮ್ಮ ಎರಡನೇ ತರಗತಿಗೇ ಶಾಲೆ ಬಿಟ್ಟವಳು. ಬಿಡಿಸಿದ್ದು ಯಾಕೆ ಎಂದರೆ ಆಗ ತಾನೇ ಹುಟ್ಟಿದ್ದ ನನ್ನ ಅಮ್ಮನನ್ನು ಎತ್ತಿಕೊಳ್ಳುವುದಕ್ಕೆ. ಈ ಮಾತನ್ನು ದೊಡ್ಡಮ್ಮ ಯಾವತ್ತೂ ಎತ್ತಿ ಆಡಿಲ್ಲ, ಅಮ್ಮ ಯಾವತ್ತೂ ಮರೆತಿಲ್ಲ.

ಚುನಾವಣೆ ದಿನ ಬಂತೆಂದರೆ ದೊಡ್ಡಮ್ಮನಿಗೆ ತಲೆನೋವು ಬರುತ್ತಿತ್ತು. ನಾವು ಮತಗಟ್ಟೆಗೆ ಹೋಗಿ ಬರುವ ಹೊತ್ತಿಗೆ ಅದು ವಾಸಿಯಾಗಿರುತ್ತಿತ್ತು. ವರ್ಷಗಟ್ಟಲೆ ಇದನ್ನು ಹೇಳಿಕೊಂಡು ನಕ್ಕಿದ್ದೇವೆ. ಅವಳಿಗೆ ಐವತ್ತೆಂಟಾದಾಗ ಒಂದು ದಿನ ನಾನು ಕೆಣಕಿದ್ದಕ್ಕೆ ಕತ್ತರಿ ಕೆಳಗಿಟ್ಟು ಹೇಳಿದಳು: "ಈ ಬೀದಿಯವರ ಸೊಂಟದ ಅಳತೆ ಎಲ್ಲಾ ನನ್ ತಲೇಲಿದೆ. ಅವರೇ ಸಾಲಾಗಿ ನಿಂತು ನೋಡ್ತಿದ್ರೆ ನಾನು ಹೆಬ್ಬೆಟ್ಟು ಒತ್ತಲಾ?" ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನಂಬಿದವಳು ಅವಳು. ನನಗೆ ಅವತ್ತು ನಿಜಕ್ಕೂ ನಾಚಿಕೆಯಾಯಿತು. ಮರುದಿನವೇ ಅವಳನ್ನು ದೊಡ್ಡವರ ಸಂಜೆ ಶಾಲೆಗೆ ಸೇರಿಸಿ ಬಂದೆ.

ಸಂಜೆ ಶಾಲೆ ಎಂದರೆ ಬಸ್ ಡಿಪೋ ಹಿಂದಿನ ಎರಡು ಕೋಣೆ. ಹಗಲು ಮಕ್ಕಳು ಕೂರುವ ಬೆಂಚುಗಳಲ್ಲೇ ಸಂಜೆ ದೊಡ್ಡವರು ಕೂರಬೇಕು. ದೊಡ್ಡಮ್ಮನ ಮಂಡಿ ಆ ಬೆಂಚಿನೊಳಗೆ ತೂರಲಿಲ್ಲ. ಮೇಷ್ಟ್ರು ಅವಳನ್ನು ಕರಿಹಲಗೆಯ ಹತ್ತಿರವೇ ನಿಲ್ಲಿಸಿದರು. ಕೈಗೆ ಸೀಮೆಸುಣ್ಣ ಬಂದದ್ದೇ ಅವಳಿಗೆ ಧೈರ್ಯ ಬಂತು. ಎರಡು ವರ್ಷ ನಿಂತೇ ಅಕ್ಷರ ಕಲಿತಳು, ನಿಂತೇ ಹೆಸರು ಬರೆದಳು. ಹೆಸರಿನ ಕೊನೆಗೆ ಒಂದು ಉದ್ದನೆಯ ಬಾಲ ಎಳೆದಳು. ತೋಳು ಕೂರಿಸಲು ಕಂಕುಳ ಹತ್ತಿರ ಕತ್ತರಿಸುವ ದುಂಡನೆಯ ಬಳಸು ಹೇಗಿರುತ್ತದೋ ಹಾಗೆಯೇ ಇತ್ತು ಅದು. ಆಮೇಲೆ ಚುನಾವಣಾ ಕಚೇರಿಗೆ ಹೋಗಿ, ಕೌಂಟರಿನ ಮುಂದೆ ನಿಂತು ಸಹಿ ಹಾಕಿ, ಮತದಾರರ ಪಟ್ಟಿಯಲ್ಲಿ ತನ್ನ ಗುರುತಾಗಿ ಆ ಸಹಿಯನ್ನೇ ದಾಖಲು ಮಾಡಿಸಿ ಬಂದಳು. ಆ ಖುಷಿಯಲ್ಲಿ ಅವತ್ತು ಒಬ್ಬರ ಪ್ಯಾಂಟಿಗೆ ಐದು ಜೇಬು ಕತ್ತರಿಸಿಟ್ಟಿದ್ದಳು.

ಅಷ್ಟರಲ್ಲಿ ಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು. ಮಹಾಚುನಾವಣೆಯ ದಿನ ಅವಳು ಆಸ್ಪತ್ರೆಯ ಮಂಚದ ಮೇಲಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈ ವರ್ಷ ಮತ್ತೆ ಚುನಾವಣೆ ಬಂತು. ನಮ್ಮ ವಾರ್ಡಿನ ಸದಸ್ಯ ಅರ್ಧದಲ್ಲೇ ರಾಜೀನಾಮೆ ಕೊಟ್ಟಿದ್ದರಿಂದ ಉಪಚುನಾವಣೆ. ಅದರ ಜೊತೆಗೇ ಜನಮತ. ನಗರಸಭೆ ಸಂಜೆ ಶಾಲೆಯನ್ನು ಮುಚ್ಚಿ ಆ ಕೋಣೆಗಳನ್ನು ಗೋದಾಮು ಮಾಡಲು ಹೊರಟಿತ್ತು. ಊರವರು ಸಹಿ ಸಂಗ್ರಹಿಸಿ, ಜನರನ್ನೇ ಕೇಳಿ ಎಂದು ಪಟ್ಟು ಹಿಡಿದಿದ್ದರು. ತನಗೆ ಅಕ್ಷರ ಕೊಟ್ಟ ಶಾಲೆ ಉಳಿಯಬೇಕೋ ಬೇಡವೋ ಎಂಬ ಪ್ರಶ್ನೆಗೆ ದೊಡ್ಡಮ್ಮನ ಮೊದಲ ವೋಟು ಬೀಳಬೇಕಿತ್ತು. ಸಾಲಿನಲ್ಲಿ ನಿಲ್ಲಬೇಡಿ, ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಅಂಚೆ ಮತಕ್ಕೆ ಅರ್ಜಿ ಹಾಕಿದಳು. ಅಮ್ಮನೂ ಜೊತೆಗೆ ಹಾಕಿದಳು.

ಮತಪತ್ರ ತಂದುಕೊಟ್ಟದ್ದು ನಮ್ಮ ಬೀದಿಯ ಅಂಚೆ ಹಂಚುವವಳು. ನಾವೆಲ್ಲ ಅವಳನ್ನು ಪೋಸ್ಟಮ್ಮ ಎನ್ನುತ್ತೇವೆ. ಅವಳು ಅರ್ಧ ಗಂಟೆ ನಿಂತು ಎಲ್ಲ ವಿವರಿಸಿದಳು. ದೊಡ್ಡಮ್ಮ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಂಡು ಗಿರಾಕಿಗಳಿಗೆ ಪಾಠ ಶುರು ಮಾಡಿದಳು: "ಪಾರ್ಟಿಯೋರು ಮೊದ್ಲು ತಮ್ಮೊಳಗೇ ಒಬ್ರನ್ನ ಆರಿಸ್ಕೋತಾರಲ್ಲ, ಅದು ಕಚ್ಚಾ ಹೊಲಿಗೆ. ಮಹಾಚುನಾವಣೆ ಪಕ್ಕಾ ಹೊಲಿಗೆ. ಮಧ್ಯದಲ್ಲಿ ಹರಿದ್ರೆ ಉಪಚುನಾವಣೆ, ಅಂದ್ರೆ ತೇಪೆ. ಯಾರಿಗೂ ಅರ್ಧಕ್ಕಿಂತ ಜಾಸ್ತಿ ವೋಟು ಬೀಳ್ಲಿಲ್ಲ ಅಂದ್ರೆ ಮೇಲಿನ ಇಬ್ಬರನ್ನೇ ಇಟ್ಕೊಂಡು ಇನ್ನೊಂದು ಸುತ್ತು, ಅದು ಎರಡನೇ ಟ್ರಯಲ್."

"ಈ ಜನಮತ?" ಎಂದರು ಕೋಟು ತೆಗೆದುಕೊಂಡು ಹೋಗಲು ಬಂದಿದ್ದ ಬ್ಯಾಂಕಿನವರು.

"ಅದ್ರಲ್ಲಿ ಮನುಷ್ಯರೇ ಇಲ್ಲ. ಬೇಕೋ ಬೇಡ್ವೋ ಅಷ್ಟೇ. ನಿಮ್ ಕೋಟಿನ ಒಳಜೇಬಿನ ಹಾಗೆ."

ಒಂದು ಅನುಮಾನ ಮಾತ್ರ ಅವಳಿಗೆ ಉಳಿದಿತ್ತು. ಲಕೋಟೆಯ ಮೇಲೆ ಸಹಿ ಹಾಕಿದರೆ ಯಾರಿಗೆ ವೋಟು ಹಾಕಿದೆ ಎಂದು ಅವರಿಗೆ ಗೊತ್ತಾಗುವುದಿಲ್ಲವೇ? ಪೋಸ್ಟಮ್ಮ ಎರಡು ಲಕೋಟೆ ತೋರಿಸಿದಳು. ಮತಪತ್ರ ಒಳಲಕೋಟೆಗೆ, ಅದರ ಮೇಲೆ ಹೆಸರಿಲ್ಲ. ಒಳಲಕೋಟೆ ಹೊರಲಕೋಟೆಗೆ, ಅದರ ಮೇಲೆ ಸಹಿ. ಕಚೇರಿಯಲ್ಲಿ ಮೊದಲು ಸಹಿ ನೋಡುತ್ತಾರೆ. ಅದು ಹೊಂದಿದರೆ ಹೊರಲಕೋಟೆ ಬೇರೆ ಮಾಡಿ, ಒಳಗಿನವನ್ನೆಲ್ಲ ಒಟ್ಟಿಗೆ ಬೆರೆಸಿ ಆಮೇಲೆ ಎಣಿಸುತ್ತಾರೆ. "ಒಳಗಡೆ ಅಸ್ತರು, ಹೊರಗಡೆ ಬಟ್ಟೆ," ಎಂದು ದೊಡ್ಡಮ್ಮ ಒಪ್ಪಿದಳು.

ಭಾನುವಾರ ಬೆಳಗ್ಗೆ ಅವಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಗುರುತು ಹಾಕಿದಳು. ಒಳಲಕೋಟೆ ಅಂಟಿಸಿ, ಹೊರಲಕೋಟೆಯಲ್ಲಿಟ್ಟು, ತಂದು ಊಟದ ಮೇಜಿನ ಮೇಲಿಟ್ಟಳು. ಸಹಿ ಹಾಕಲು ಒಂದು ಒಳ್ಳೆಯ ಪೆನ್ನು ತೆಗೆದಿಟ್ಟಿದ್ದಳು, ಅದನ್ನು ತರಲು ಮತ್ತೆ ಒಳಗೆ ಹೋದಳು. ಅಮ್ಮ ಕನ್ನಡಕ ಏರಿಸಿಕೊಂಡು ಕೂತಿದ್ದಳು. ತನ್ನ ಲಕೋಟೆಗೆ ಸಹಿ ಹಾಕಿದಳು, ಪಕ್ಕಕ್ಕಿಟ್ಟಳು. ಕೈ ತಾನಾಗಿ ಮುಂದಿನದನ್ನು ಎಳೆದುಕೊಂಡಿತು. ಅದಕ್ಕೂ ಸಹಿ ಹಾಕಿ ಅಂಟಿಸಿದಳು, ಅಳತೆ ಚೀಟಿಗೆ ಹಾಕಿದಷ್ಟೇ ಸಲೀಸಾಗಿ. ನಾನು ಎದುರಿಗೇ ಚಹಾ ಕುಡಿಯುತ್ತಿದ್ದೆ, ನೋಡಲಿಲ್ಲ. ಎರಡನ್ನೂ ಎತ್ತಿಕೊಂಡು ಹೋಗಿ ಮೂಲೆಯ ಅಂಚೆ ಡಬ್ಬಿಗೆ ಹಾಕಿದ ಮಹಾಬುದ್ಧಿವಂತೆಯೂ ನಾನೇ.

ವಾಪಸ್ ಬಂದಾಗ ದೊಡ್ಡಮ್ಮ ಪೆನ್ನು ಹಿಡಿದು ನಿಂತಿದ್ದಳು. "ನನ್ ಲಕೋಟೆ ಎಲ್ಲಿ?"

"ಹೋಯ್ತು," ಅಂದೆ.

"ಸಹಿ?"

ಅಮ್ಮನ ಮುಖ ನೋಡಬೇಕಿತ್ತು. "ನಾನೇ ಹಾಕ್ಬಿಟ್ಟೆ ಅಕ್ಕಾ. ಕೈ ಅಭ್ಯಾಸ. ಇರ್ಲಿ ಬಿಡು, ಯಾರು ನೋಡ್ತಾರೆ?"

ದೊಡ್ಡಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. ಆ ದಿನದಿಂದ ಅಂಗಡಿಯಲ್ಲಿ ಕತ್ತರಿ ಮಾತಾಡಿತು, ಯಂತ್ರ ಮಾತಾಡಿತು, ಅಕ್ಕತಂಗಿಯರು ಮಾತಾಡಲಿಲ್ಲ.

ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಒಂಬತ್ತನೇ ದಿನ ಸೋಮವಾರ ಉತ್ತರ ಬಂತು. ಲಕೋಟೆಯ ಮೇಲಿನ ಸಹಿ ದಾಖಲೆಯ ಸಹಿಗೆ ಹೊಂದುತ್ತಿಲ್ಲ, ಗುರುವಾರ ಸಂಜೆ ಐದರೊಳಗೆ ಖುದ್ದಾಗಿ ಬಂದು ಸರಿಪಡಿಸದಿದ್ದರೆ ಮತವನ್ನು ಎಣಿಸುವುದಿಲ್ಲ ಎಂದು ಚುನಾವಣಾ ಕಚೇರಿಯ ಪತ್ರದಲ್ಲಿ ಬರೆದಿತ್ತು. ಪೋಸ್ಟಮ್ಮ ತಾನೇ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಆ ಪತ್ರ ಕೊಟ್ಟಳು. ದೊಡ್ಡಮ್ಮ ಅದನ್ನು ಯಾರ ಕೈಗೂ ಕೊಡದೆ, ಒಂದೊಂದೇ ಅಕ್ಷರ ಕೂಡಿಸಿ ಕೊನೆಯವರೆಗೆ ತಾನೇ ಓದಿದಳು.

ಮೂರು ಸಂಜೆ ಅಭ್ಯಾಸ ನಡೆಯಿತು. ಅಂಗಡಿಯಲ್ಲಿ ನಿಂತು ಕಾಲು ಊದಿರುತ್ತಿದ್ದುದರಿಂದ ಮನೆಗೆ ಬಂದ ಮೇಲೆ ಅವಳು ಕೂರಲೇಬೇಕಿತ್ತು. ಊಟದ ಮೇಜಿನ ಮುಂದೆ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟು, ಹಾಳೆಗಟ್ಟಲೆ ಸಹಿ ಹಾಕಿದಳು. ಒಂದು ಕುಗ್ಗಿದರೆ ಇನ್ನೊಂದು ಸೊಟ್ಟ. ಬಾಲವಂತೂ ಪ್ರತಿಸಲ ಮಧ್ಯದಲ್ಲೇ ಮುಗ್ಗರಿಸುತ್ತಿತ್ತು.

"ಈ ಕುರ್ಚಿ ಸರಿ ಇಲ್ಲ," ಎಂದಳು ಬುಧವಾರ.

ಹತ್ತು ದಿನದ ಮೌನ ಮುರಿದು ಅಮ್ಮ ಆಡಿದ ಮೊದಲ ಮಾತು ಇದು: "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ನಾನು ನಕ್ಕೆ. ದೊಡ್ಡಮ್ಮ ನಗಲಿಲ್ಲ.

ಗುರುವಾರ ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ಹೋದೆ. ಚುನಾವಣಾ ಕಚೇರಿಯಲ್ಲಿ ಉದ್ದನೆಯ ಕೌಂಟರು, ಅದರ ಪಕ್ಕ ಒಂದು ಪುಟ್ಟ ಮೇಜು ಮತ್ತು ಮೆತ್ತನೆಯ ಕುರ್ಚಿ. ನಮ್ಮ ಸರದಿ ಬಂದಾಗ ನಾಲ್ಕು ಗಂಟೆ ದಾಟಿತ್ತು. ಸಹಿ ಪರಿಶೀಲಿಸುವ ಅಧಿಕಾರಿ ಸಣ್ಣ ಮೈಕಟ್ಟಿನ, ನಿಧಾನವಾಗಿ ಮಾತಾಡುವ ಹೆಂಗಸು. ಅವರು ಕೇಳುವ ಮೊದಲೇ ಅಮ್ಮ ತಪ್ಪೊಪ್ಪಿಕೊಂಡಳು.

"ಬೇರೆಯವರ ಲಕೋಟೆಗೆ ನೀವು ಸಹಿ ಹಾಕಂಗಿಲ್ಲ. ಸ್ವಂತ ಅಕ್ಕ ಆದ್ರೂ ಇದು ಕಾನೂನಿಗೆ ವಿರುದ್ಧ," ಎಂದರು ಅವರು.

"ಗೊತ್ತಾಯ್ತು. ನನ್ಗೆ ಏನ್ ಬೇಕಾದ್ರೂ ಮಾಡಿ. ಅವಳ ವೋಟು ಮಾತ್ರ ಕಸಕ್ಕೆ ಹಾಕ್ಬೇಡಿ," ಎಂದಳು ಅಮ್ಮ.

ಅಧಿಕಾರಿ ದೊಡ್ಡಮ್ಮನ ಗುರುತಿನ ಚೀಟಿ ನೋಡಿದರು, ಊರುಗೋಲು ನೋಡಿದರು, ತಾವೇ ಎದ್ದು ಬಂದು ಕುರ್ಚಿ ಎಳೆದು ಕೂರಿಸಿದರು. ದೊಡ್ಡಮ್ಮ ಕೂತು ಸಹಿ ಹಾಕಿದಳು. ಅವರು ಅದನ್ನು ಕಂಪ್ಯೂಟರಿನ ಪರದೆಯ ಪಕ್ಕ ಹಿಡಿದರು. ತುಂಬ ಹೊತ್ತು ನೋಡಿದರು.

"ಇನ್ನೊಂದೇ ಹಾಳೆ ಕೊಡ್ಬಹುದು. ಇದೂ ಹೊಂದ್ಲಿಲ್ಲ ಅಂದ್ರೆ ನನ್ ಕೈಲೇನೂ ಇಲ್ಲ."

ದೊಡ್ಡಮ್ಮ ಎರಡನೇ ಹಾಳೆಯ ಮೇಲೆ ಪೆನ್ನು ಊರಿ, ಹಾಗೇ ನಿಲ್ಲಿಸಿದಳು. "ಮೇಡಂ, ಆ ಹಳೇ ಸಹಿ ನಾನು ಇಲ್ಲೇ ಹಾಕಿದ್ದಲ್ವಾ?"

"ಹೌದು, ಆ ಕೌಂಟರಿನಲ್ಲಿ."

"ಆಗ ಈ ಕುರ್ಚಿ ಇತ್ತಾ?"

"ಇರ್ಲಿಲ್ಲ. ವಯಸ್ಸಾದವರಿಗೆ ಅಂತ ಹೋದ ವರ್ಷ ಹಾಕ್ಸಿದ್ವಿ."

ದೊಡ್ಡಮ್ಮ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಊರುಗೋಲನ್ನು ನನ್ನ ಕೈಗೆ ಕೊಟ್ಟು ಕೌಂಟರಿಗೆ ನಡೆದಳು. "ಅಕ್ಕಾ, ಮಂಡಿ," ಎಂದಳು ಅಮ್ಮ.

"ಸಹಿ ಹಾಕೋದು ಮಂಡಿ ಅಲ್ಲ."

ಹಾಳೆಯನ್ನು ಕೌಂಟರಿನ ಮೇಲೆ ಹಾಸಿದಳು. ಎಡಗೈಯಿಂದ ಎರಡು ಸಲ ಸವರಿದಳು, ಬೆರಳು ಅಗಲಿಸಿ ಒತ್ತಿ ಹಿಡಿದಳು. ಮೂವತ್ತೆಂಟು ವರ್ಷ ಅವಳು ಬಟ್ಟೆಯ ಮೇಲೆ ಗೆರೆ ಎಳೆದದ್ದು ಬೆರಳಿನಿಂದಲ್ಲ, ಭುಜದಿಂದ. ಹಾಗೆಯೇ ಬರೆದಳು, ನಿಲ್ಲಿಸದೆ. ಕೊನೆಯ ಬಳಸು ಒಂದೇ ಬೀಸಿಗೆ ಕೆಳಗಿಳಿದು, ದುಂಡಗೆ ತಿರುಗಿ, ಮೇಲೆದ್ದು ನಿಂತಿತು. ಅದು ಸರಿಯಾಗಿದೆ ಎಂದು ಯಾವ ಅಧಿಕಾರಿಯೂ ಹೇಳಬೇಕಾಗಿರಲಿಲ್ಲ.

ಆದರೂ ಹೇಳಿದರು. ಪರದೆಯನ್ನು ನಮ್ಮ ಕಡೆ ತಿರುಗಿಸಿ, "ನೀವೇ ನೋಡಿ," ಎಂದರು. ಎರಡೂ ಒಂದೇ ಅಚ್ಚು. ಹಾಳೆಯ ಮೇಲೆ "ಸ್ವೀಕೃತ" ಎಂಬ ಮುದ್ರೆ ಬಿತ್ತು. ದೊಡ್ಡಮ್ಮ ಅಮ್ಮನ ಕಡೆ ತಿರುಗಿದಳು.

"ನೆಲ ಡೊಂಕೇ ಇತ್ತು ಕಣೇ."

ಅಮ್ಮ ಅಳುತ್ತಾ ನಕ್ಕಳು, ನಾನೂ ನಕ್ಕೆ. ಸರದಿಯಲ್ಲಿದ್ದವರಿಗೆ ಏನೂ ಅರ್ಥವಾಗದಿದ್ದರೂ ಅವರೂ ನಕ್ಕರು. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಪಟ್ಟ ಇನ್ನೊಂದು ದಿನ ನನಗೆ ನೆನಪಿಲ್ಲ.

ಮುಂದಿನ ವಾರ ಫಲಿತಾಂಶ ಬಂತು. ಸಂಜೆ ಶಾಲೆ ಇನ್ನೂರ ಹನ್ನೊಂದು ಮತಗಳಿಂದ ಉಳಿಯಿತು. ಸುದ್ದಿ ತಂದ ಪೋಸ್ಟಮ್ಮ ತಮಾಷೆ ಮಾಡಿದಳು: "ಅಷ್ಟೊಂದು ಒದ್ದಾಡಿದ್ರಲ್ಲ, ನಿಮ್ದೊಂದು ವೋಟು ಇಲ್ದಿದ್ರೂ ಗೆಲ್ತಿತ್ತು ಬಿಡಿ."

ಅಮ್ಮ ಆಗ ತಾನೇ ಹೊಲಿದಿಟ್ಟಿದ್ದ ಕೋಟನ್ನು ದೊಡ್ಡಮ್ಮ ಪೋಸ್ಟಮ್ಮನ ಮುಂದೆ ಚಾಚಿದಳು. "ಇದ್ರಲ್ಲಿ ಬೇಡದ ಹೊಲಿಗೆ ಯಾವ್ದು ತೋರ್ಸು. ಬಿಚ್ಚಿ ಹಾಕೋಣ."

ಪೋಸ್ಟಮ್ಮ ಚೀಲಕ್ಕೆ ಕೈ ಹಾಕಿ ಎರಡು ದಪ್ಪ ಲಕೋಟೆ ತೆಗೆದಳು. ವಾರ್ಡಿನ ಸ್ಥಾನಕ್ಕೆ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಿದ್ದಿರಲಿಲ್ಲ, ಮೇಲಿನ ಇಬ್ಬರ ನಡುವೆ ಇನ್ನೊಂದು ಸುತ್ತು ನಡೆಯಲಿತ್ತು. "ಎರಡನೇ ಟ್ರಯಲ್," ಎಂದು ದೊಡ್ಡಮ್ಮ ಅಂಗಡಿಗೆಲ್ಲ ಕೇಳುವಂತೆ ಸಾರಿದಳು.

ಈ ಸಲ ಲಕೋಟೆ ಊಟದ ಮೇಜಿಗೆ ಹೋಗಲಿಲ್ಲ. ದೊಡ್ಡಮ್ಮ ಅದನ್ನು ಕತ್ತರಿಸುವ ಮೇಜಿನ ಮೇಲೆ ಹಾಸಿ, ಎರಡು ಸಲ ಸವರಿ, ನಿಂತು ಸಹಿ ಹಾಕಿದಳು. ಅಲ್ಲಿಯವರೆಗೆ ಅಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಆಮೇಲೆ ಒಂದು ಕೈ ಬಿಡಿಸಿ, ಯಂತ್ರದ ಪಕ್ಕದಲ್ಲಿದ್ದ ಅಳತೆ ಚೀಟಿಗಳ ಪುಸ್ತಕ ತಂದು ಅಕ್ಕನ ಮುಂದಿಟ್ಟಳು.

"ಇದಕ್ಕೂ ಇನ್ಮೇಲೆ ನೀನೇ ಹಾಕು," ಎಂದಳು.